ಪ್ರೈಮರ್ ಸಿಗದ ಕಾಲದಲ್ಲಿ ತೋಟಾ ತುಂಬಿದ್ದು

ರೈಫಲ್ ತೋಟಾ ಒಂದರಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕೂತು ಕಿಡಿ ಹೊತ್ತಿಸುವ ಪ್ರೈಮರ್, ಒಳಗಿನ ಮದ್ದು, ಬಾಯಿಯಲ್ಲಿ ಕಚ್ಚಿಕೊಂಡಿರುವ ಗುಂಡು. ಕೇಸನ್ನು ಜೋಪಾನ ಮಾಡಿದರೆ ಹಲವು ಸಲ ಬಳಸಬಹುದು. ಉಳಿದ ಮೂರನ್ನು ಪ್ರತಿ ಸಲವೂ ಹೊಸದಾಗಿ ಹಾಕಬೇಕು. 2020ರ ವಸಂತದಿಂದ ಸುಮಾರು ಎರಡು ವರ್ಷ ಅಮೆರಿಕದಲ್ಲಿ ಈ ಮೂರಕ್ಕೂ ಬರ ಬಂದಿತ್ತು. ಅದರಲ್ಲೂ ಪ್ರೈಮರ್ ಎಂಬುದು ಅಂಗಡಿಗಳಿಂದ ಮಾಯವೇ ಆಗಿಹೋಯಿತು. ಕ್ಯಾನ್ಸಸ್ ಸಿಟಿಯ ಹೊರವಲಯದಲ್ಲಿರುವ ನಾನು ಆ ಕಾಲದಲ್ಲಿ ಸರಕು ಹೊಂದಿಸಿಕೊಂಡು ಸ್ಪರ್ಧೆಗಳನ್ನು ತಪ್ಪಿಸದೆ ಹೇಗೆ ನಡೆದುಬಂದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಭಾಗವಹಿಸುವುದು ಎಫ್-ಕ್ಲಾಸ್ ಎಂಬ ದೂರಗುರಿಯ ಸ್ಪರ್ಧೆಯಲ್ಲಿ, ಅದರಲ್ಲೂ ಎಫ್-ಟಿಆರ್ ವಿಭಾಗದಲ್ಲಿ. ನೆಲದ ಮೇಲೆ ಬೋರಲು ಮಲಗಿ, ರೈಫಲನ್ನು ಬೈಪಾಡ್ ಎಂಬ ಎರಡು ಕಾಲಿನ ಆನಿಕೆಯ ಮೇಲಿಟ್ಟು, 600 ಅಥವಾ 1000 ಗಜ ದೂರದ ಗುರಿಗೆ ಹೊಡೆಯಬೇಕು. 600 ಗಜದಲ್ಲಿ ಹತ್ತು ಅಂಕದ ವೃತ್ತದ ಅಗಲ ಆರೇ ಇಂಚು. ಈ ವಿಭಾಗದ ನಿಯಮದಂತೆ .223 ರೆಮಿಂಗ್‌ಟನ್ ಮತ್ತು .308 ವಿಂಚೆಸ್ಟರ್ ಎಂಬ ಎರಡೇ ಬಗೆಯ ತೋಟಾಗಳಿಗೆ ಅವಕಾಶ. ನನ್ನದು .308. ಅಂಗಡಿಯಲ್ಲಿ ಸಿಗುವ ಸ್ಪರ್ಧಾ ದರ್ಜೆಯ ತೋಟಾದ ಬೆಲೆ ಬರ ಬರುವ ಮೊದಲೇ ಒಂದಕ್ಕೆ ಒಂದು ಡಾಲರ್ ದಾಟಿತ್ತು. ಮನೆಯಲ್ಲಿ ತುಂಬಿಕೊಂಡರೆ ಅದರ ಅರ್ಧದಷ್ಟರಲ್ಲಿ ಮುಗಿಯುತ್ತಿತ್ತು. ಹಣದ ಉಳಿತಾಯಕ್ಕಿಂತಲೂ ದೊಡ್ಡ ಕಾರಣ ಬೇರೆ ಇದೆ. ಪ್ರತಿ ತೋಟಾದಲ್ಲಿಯೂ ಮದ್ದಿನ ತೂಕ, ಗುಂಡು ಕೂರುವ ಆಳ, ಕೇಸಿನ ಉದ್ದ ಒಂದೇ ಸಮ ಇರಬೇಕು, ಅದೂ ನನ್ನ ರೈಫಲಿನ ನಳಿಗೆಗೆ ಒಗ್ಗುವಂತೆ ಇರಬೇಕು. ಅದನ್ನು ಕಾರ್ಖಾನೆ ನನಗಾಗಿ ಮಾಡಿಕೊಡುವುದಿಲ್ಲ.

ಕಾನೂನಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳಿಲ್ಲದಿದ್ದರೆ, ಅಮೆರಿಕದಲ್ಲಿ ಬಂದೂಕನ್ನಷ್ಟೇ ಅಲ್ಲ, ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ನಾನು ಈ ಕ್ರೀಡೆಗೆ ಇಳಿದದ್ದು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ. ಸ್ವಂತ ಬಳಕೆಗಾಗಿ ತೋಟಾ ತುಂಬಲು ಇಲ್ಲಿ ಫೆಡರಲ್ ಪರವಾನಗಿ ಬೇಕಿಲ್ಲ. ಮಾರಾಟಕ್ಕೆ ತುಂಬಿದರೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಊರಿನಲ್ಲಿರುವ ಗೆಳೆಯರು ಇದನ್ನು ಓದಿ ತಿಳಿದುಕೊಳ್ಳಲಿ, ಮಾಡಲು ಹೋಗುವುದು ಬೇಡ.

ಬರ ಬಂದದ್ದು ಹಂತ ಹಂತವಾಗಿ. ಕೋವಿಡ್ ಹರಡಿ ಊರುಗಳು ಮುಚ್ಚಿದಾಗ ಮೊದಲು ಖಾಲಿಯಾದದ್ದು ಸಿದ್ಧ ತೋಟಾಗಳ ಕಪಾಟು. ಹೊಸದಾಗಿ ಬಂದೂಕು ಕೊಂಡವರು ಎಲ್ಲಿ ನೋಡಿದರೂ ಇದ್ದರು. ಬಂದೂಕು ಕೊಳ್ಳುವವರ ಬಗ್ಗೆ ಎಫ್‌ಬಿಐ ನಡೆಸುವ ಹಿನ್ನೆಲೆ ತಪಾಸಣೆಗಳ ಸಂಖ್ಯೆ 2019ರಲ್ಲಿ ಸುಮಾರು 2.8 ಕೋಟಿ ಇದ್ದದ್ದು 2020ರಲ್ಲಿ 3.9 ಕೋಟಿ ದಾಟಿತು. ಇವೆಲ್ಲವೂ ಹೊಸ ಖರೀದಿಗಳಲ್ಲವಾದರೂ ಬೇಡಿಕೆ ಎಷ್ಟು ಏರಿತೆಂಬುದು ಇದರಿಂದ ತಿಳಿಯುತ್ತದೆ. ಸಿದ್ಧ ತೋಟಾ ಸಿಗದವರು ತಾವೇ ತುಂಬಿಕೊಳ್ಳುವ ಯೋಚನೆಗೆ ಬಂದರು. ಬೇಸಿಗೆ ಮುಗಿಯುವಷ್ಟರಲ್ಲಿ ಪ್ರೈಮರ್ ಕಪಾಟೂ ಬರಿದಾಯಿತು. ನಮ್ಮ ಕ್ಲಬ್ಬಿನ ಹಳಬರು 2008ರ ಚುನಾವಣೆಯ ನಂತರದ ಕೊರತೆಯನ್ನೂ 2013ರ ಕೊರತೆಯನ್ನೂ ಕಂಡವರು. ಇಷ್ಟು ದೀರ್ಘವಾದದ್ದನ್ನು ಅವರೂ ಕಂಡಿರಲಿಲ್ಲ.

ಭೂಗೋಳ ನೋಡಿದರೆ ನನಗೆ ಕೊರತೆಯೇ ಬರಬಾರದಿತ್ತು. ಹಾಡ್ಜ್‌ಡನ್ ಮದ್ದಿನ ಕಂಪನಿಯ ಊರಾದ ಶಾನಿ ನಮ್ಮ ಮನೆಗೆ ಹತ್ತಿರದ ದಾರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರದ ಬಳಿ ಮಿಕ್ಕಿದ್ದ ಮದ್ದನ್ನು ಕೊಂಡು ಗುರಿಕಾರರಿಗೆ ಮಾರುವುದರಿಂದ ಬ್ರೂಸ್ ಹಾಡ್ಜ್‌ಡನ್ ಶುರು ಮಾಡಿದ ವ್ಯವಹಾರ ಅದು. ಸಿಯೆರಾ ಗುಂಡುಗಳೂ ಸ್ಟಾರ್‌ಲೈನ್ ಕೇಸುಗಳೂ ತಯಾರಾಗುವ ಮಿಸೌರಿಯ ಸೆಡಾಲಿಯಾ ಪೂರ್ವಕ್ಕೆ ಒಂದೂವರೆ ಗಂಟೆಯ ಪ್ರಯಾಣ. ಆದರೆ ಕಾರ್ಖಾನೆಯ ಪಕ್ಕದಲ್ಲಿ ಇದ್ದ ಮಾತ್ರಕ್ಕೆ ಸರಕು ಸಿಗುವುದಿಲ್ಲ. ನಾನು ಬಳಸುವ ವಾರ್ಗೆಟ್ ಎಂಬ ಮದ್ದಿನ ಡಬ್ಬಿಯ ಮೇಲೆ ಹಾಡ್ಜ್‌ಡನ್ ಹೆಸರಿದ್ದರೂ ಅದು ತಯಾರಾಗುವುದು ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ. ಹಡಗು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೊರತೆ ಶುರುವಾದಾಗ ನಾನು ಮೊದಲು ಮಾಡಿದ ಕೆಲಸ ಅಂಗಡಿಗೆ ಓಡುವುದಲ್ಲ, ನೆಲಮಾಳಿಗೆಯಲ್ಲಿ ಇದ್ದುದನ್ನೆಲ್ಲ ಎಣಿಸಿ ಬರೆದಿಡುವುದು. ಒಂದು ಸ್ಪರ್ಧೆಯಲ್ಲಿ ಅಂಕಕ್ಕೆ ಹೊಡೆಯುವ ಅರವತ್ತು ಗುಂಡು, ಅವುಗಳಿಗೆ ಮೊದಲು ಗಾಳಿ ನೋಡಿಕೊಳ್ಳುವ ಕೆಲವು ಗುಂಡು. ಅಭ್ಯಾಸವೂ ಸೇರಿದರೆ ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಮದ್ದಿನ ಲೆಕ್ಕ ಸುಲಭ. ಒಂದು ಪೌಂಡಿಗೆ 7000 ಗ್ರೇನ್; .308ರ ಒಂದು ತೋಟಾಕ್ಕೆ ನಲವತ್ತಕ್ಕೂ ಮೇಲ್ಪಟ್ಟು ಗ್ರೇನ್ ಹಿಡಿಯುವುದರಿಂದ ಪೌಂಡಿಗೆ ನೂರೈವತ್ತು, ನೂರ ಅರವತ್ತು ತೋಟಾ ಆಗುತ್ತವೆ. ಹೀಗೆ ಬರೆದಿಟ್ಟಾಗ ಕಂಡದ್ದು ಇಷ್ಟು: ಗುಂಡುಗಳು ವರ್ಷಕ್ಕೂ ಮಿಕ್ಕಿ ಇದ್ದವು, ಕೇಸುಗಳಿಗೆ ಚಿಂತೆಯಿರಲಿಲ್ಲ, ಮದ್ದು ಅರ್ಧ ವರ್ಷಕ್ಕಿತ್ತು, ಪ್ರೈಮರ್ ಅದಕ್ಕಿಂತ ಕಡಿಮೆ. ಹಾಗಾಗಿ ನನ್ನ ಸಮಸ್ಯೆ ಏನಿದ್ದರೂ ಪ್ರೈಮರಿನದೇ. ಆ ಸಮಯದಲ್ಲಿ ಕಣ್ಣಿಗೆ ಬಿದ್ದ ಗುಂಡಿನ ಡಬ್ಬಿಗಳನ್ನೆಲ್ಲ ಕೊಳ್ಳುತ್ತಿದ್ದವರನ್ನು ಕಂಡಿದ್ದೇನೆ. ಪ್ರೈಮರ್ ಇಲ್ಲದ ಮೇಲೆ ಮನೆತುಂಬ ಗುಂಡಿದ್ದೂ ಒಂದೇ, ಇಲ್ಲದಿದ್ದರೂ ಒಂದೇ.

ಪ್ರೈಮರ್ ನೋಡಲು ಬಹಳ ಸಣ್ಣದು. ನನಗೆ ಬೇಕಾದ ಲಾರ್ಜ್ ರೈಫಲ್ ಪ್ರೈಮರಿನ ಅಗಲ ಐದು ಮಿಲಿಮೀಟರಿಗಿಂತ ಚೂರು ಹೆಚ್ಚು. ತೆಳುವಾದ ಲೋಹದ ಬಟ್ಟಲು, ಅದರ ತಳದಲ್ಲಿ ಲೆಡ್ ಸ್ಟಿಫ್ನೇಟ್ ಬೆರೆತ ಸ್ಫೋಟಕದ ಪದರ, ಅದರ ಮೇಲೆ ಮೂರು ಕಾಲಿನ ಪುಟ್ಟ ಅಡಿಗಲ್ಲು. ಹೊರಗಿನಿಂದ ಸೂಜಿ ಬಡಿದಾಗ ಬಟ್ಟಲಿಗೂ ಅಡಿಗಲ್ಲಿಗೂ ನಡುವೆ ಪದರ ಜಜ್ಜಿಹೋಗಿ ಕಿಡಿಯೇಳುತ್ತದೆ, ಕೇಸಿನ ಬುಡದ ತೂತಿನ ಮೂಲಕ ಮದ್ದಿಗೆ ಬೆಂಕಿ ತಗುಲುತ್ತದೆ. ಸೋಮವಾರಪೇಟೆ ಕಡೆಯ ನಮ್ಮೂರಿನಲ್ಲಿ ಅಜ್ಜನ ಬಳಿ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲು ಒಂದು ಕೇಪಿನ ಕೋವಿಯಿತ್ತು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜೆ ಮಾಡುತ್ತಿದ್ದ ಆ ಕೋವಿಯ ಜೊತೆಗೆ ಕೇಪುಗಳ ತಗಡಿನ ಡಬ್ಬಿಯೂ ಇರುತ್ತಿತ್ತು. ಮಸಿ (ಕೋವಿಯ ಕರಿಮದ್ದು), ಚರೆ (ಸೀಸದ ಸಣ್ಣ ಗುಂಡು) ಹೇಗಾದರೂ ಹೊಂದುತ್ತದೆ, ಕೇಪು ತೀರಿದರೆ ಕೋವಿ ದೊಣ್ಣೆಗೆ ಸಮ ಎಂದು ಅಜ್ಜ ಹೇಳುತ್ತಿದ್ದರು. ಪ್ರೈಮರ್ ಎಂಬುದು ಆ ಕೇಪಿನ ವಂಶದ್ದೇ.

ಅದು ಏಕೆ ಅಷ್ಟು ಬೇಗ ಖಾಲಿಯಾಯಿತು, ಏಕೆ ಬೇಗ ತುಂಬಲಿಲ್ಲ ಎಂಬುದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಪ್ರೈಮರ್ ತಯಾರಿಸುವ ದೊಡ್ಡ ಹೆಸರುಗಳು ನಾಲ್ಕೇ: ಐಡಹೋದ ಲೂಯಿಸ್ಟನ್‌ನಲ್ಲಿರುವ ಸಿಸಿಐ, ಮಿನೆಸೋಟಾದ ಫೆಡರಲ್, ವಿಂಚೆಸ್ಟರ್, ರೆಮಿಂಗ್‌ಟನ್. ಇವು ಸಿದ್ಧ ತೋಟಾಗಳನ್ನೂ ತಯಾರಿಸುವ ಕಂಪನಿಗಳು. ಬೇಡಿಕೆ ಏರಿದಾಗ ಪ್ರೈಮರುಗಳೆಲ್ಲ ಅವರದೇ ತೋಟಾಗಳಿಗೆ ಹೋಗುತ್ತವೆ, ನಮ್ಮಂತಹವರಿಗೆ ಬರುವುದು ಮಿಕ್ಕಿದ್ದು. ಅದೇ 2020ರ ಜುಲೈನಲ್ಲಿ ರೆಮಿಂಗ್‌ಟನ್ ದಿವಾಳಿ ಅರ್ಜಿ ಹಾಕಿತು. ಅರ್ಕನ್ಸಾದ ಲೋನೋಕ್‌ನಲ್ಲಿರುವ ಅದರ ತೋಟಾ ಕಾರ್ಖಾನೆಯನ್ನು ಸಿಸಿಐ ಮತ್ತು ಫೆಡರಲ್‌ನ ಒಡೆತನವಿದ್ದ ವಿಸ್ಟಾ ಕಂಪನಿಯೇ ಕೊಂಡುಕೊಂಡಿತು. ಪ್ರೈಮರ್ ಮಿಶ್ರಣವನ್ನು ಒದ್ದೆಯಾಗಿರುವಾಗಲೇ ಬಟ್ಟಲುಗಳಿಗೆ ತುಂಬಬೇಕು, ಒಣಗಿದರೆ ಅಪಾಯ. ಅದಕ್ಕೆ ಪಳಗಿದ ಕೈಗಳು ಬೇಕು, ಪ್ರತ್ಯೇಕ ಕಟ್ಟಡಗಳು ಬೇಕು. ಬೇಕೆಂದಾಗ ಹೊಸ ಕಾರ್ಖಾನೆ ಎದ್ದುನಿಲ್ಲುವ ಉದ್ಯಮವಲ್ಲ ಇದು.

ಬರಕ್ಕೆ ಮೊದಲು ಸಾವಿರ ಪ್ರೈಮರಿನ ಡಬ್ಬಿಗೆ ಮೂವತ್ತು ಡಾಲರಿನ ಸುತ್ತಮುತ್ತ ಬೆಲೆಯಿತ್ತು. ಬರದಲ್ಲಿ ಅದೇ ಡಬ್ಬಿಯನ್ನು ಕೈಯಿಂದ ಕೈಗೆ ಮಾರುವವರು ನೂರೈವತ್ತು, ಇನ್ನೂರು ಕೇಳುತ್ತಿದ್ದರು. ನಾನು ಅಂಥವರಿಂದ ಕೊಳ್ಳಲಿಲ್ಲ. ಕೊಳ್ಳುವ ಶಕ್ತಿ ಇರಲಿಲ್ಲವೆಂದಲ್ಲ. ಅಂಗಡಿಯ ಕಪಾಟನ್ನು ಬೆಳಿಗ್ಗೆ ಬರಿದು ಮಾಡಿ, ಸಂಜೆ ಪಾರ್ಕಿಂಗ್ ಜಾಗದಲ್ಲಿ ಐದು ಪಟ್ಟು ಬೆಲೆಗೆ ಮಾರುವವರನ್ನು ನಾವೇ ಪೋಷಿಸಿದರೆ ಬರ ಮುಗಿಯುವುದೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈಗಲೂ ಅದೇ.

ಹಾಗಾದರೆ ಸಿಕ್ಕಿದ್ದು ಹೇಗೆ? ಮೂರು ನಾಲ್ಕು ದಾರಿಗಳಿಂದ, ಸ್ವಲ್ಪ ಸ್ವಲ್ಪವಾಗಿ. ನಮ್ಮ ಕಡೆಯ ಒಂದು ಸಣ್ಣ ಅಂಗಡಿಗೆ ಸರಕಿನ ಲಾರಿ ಬರುವ ದಿನ ಗೊತ್ತಿತ್ತು. ಕೆಲಸಕ್ಕೆ ಹೋಗುವ ಮೊದಲು ಅಲ್ಲಿ ಸಾಲಿನಲ್ಲಿ ನಿಲ್ಲುತ್ತಿದ್ದೆ. ಒಬ್ಬರಿಗೆ ನೂರು ಪ್ರೈಮರಿನ ಒಂದು ತಟ್ಟೆ ಮಾತ್ರ ಎಂದು ಅಂಗಡಿಯವರು ಮಿತಿ ಹಾಕಿದ್ದರು, ಬೆಲೆಯನ್ನೂ ವಿಪರೀತ ಏರಿಸಿರಲಿಲ್ಲ. ಆ ಮಿತಿಯ ಬಗ್ಗೆ ಗೊಣಗುವವರಿದ್ದರು. ನನಗಂತೂ ಅದು ನ್ಯಾಯವೆನಿಸಿತು. ಮಿತಿ ಇಲ್ಲದ ಅಂಗಡಿಗಳಲ್ಲಿ ಮೊದಲು ಬಂದ ಒಬ್ಬನೇ ಎಲ್ಲವನ್ನೂ ಬಾಚಿಕೊಂಡು ಹೋಗುತ್ತಿದ್ದ. ಬೇರೆ ಅಳತೆಯವು ಸಿಕ್ಕಿದಾಗ ಬೇಡವೆನ್ನುವುದೂ ಮುಖ್ಯ. ಲಾರ್ಜ್ ಪಿಸ್ತೂಲ್ ಪ್ರೈಮರಿನ ಅಗಲ ಲಾರ್ಜ್ ರೈಫಲಿನಷ್ಟೇ ಇರುತ್ತದೆ, ಆದರೆ ಎತ್ತರ ಕಡಿಮೆ, ಬಟ್ಟಲು ತೆಳು. ರೈಫಲಿನ ಒತ್ತಡವನ್ನು ಅದು ತಡೆಯುವುದಿಲ್ಲ. ಕೊರತೆಯ ಕಾಲದಲ್ಲಿ ಹೇಗೂ ಕೂರುತ್ತದಲ್ಲ ಎಂದು ಅದನ್ನು ಹಾಕುವ ಮಾತಾಡುತ್ತಿದ್ದ ಒಬ್ಬ ಹೊಸಬನನ್ನು ಆ ಸಾಲಿನಲ್ಲಿಯೇ ಕೂರಿಸಿಕೊಂಡು ತಿಳಿಹೇಳಿದ್ದೇವೆ.

ಆನ್‌ಲೈನ್ ಖರೀದಿಯದು ಬೇರೆಯೇ ಪಾಡು. ಸರಕು ಬಂದಿದೆ ಎಂಬ ಸಂದೇಶ ಮೊಬೈಲಿಗೆ ಬಂದು, ಪುಟ ತೆರೆದು, ಹಣ ಕಟ್ಟುವಷ್ಟರಲ್ಲಿ ಬುಟ್ಟಿ ಖಾಲಿ. ಸಿಕ್ಕಾಗಲೂ ಇನ್ನೊಂದು ಭಾರವಿದೆ. ಪ್ರೈಮರ್ ಮತ್ತು ಮದ್ದನ್ನು ಅಂಚೆಯಲ್ಲಿ ಕಳಿಸುವಂತಿಲ್ಲ. ಅಪಾಯಕಾರಿ ಸರಕೆಂದು ಗುರುತಿಸಿ ನೆಲದ ಸಾಗಣೆಯಲ್ಲೇ ಕಳಿಸಬೇಕು. ಅದಕ್ಕೆ ಆಗ ಪ್ರತ್ಯೇಕ ಶುಲ್ಕ ಇಪ್ಪತ್ತು, ಮೂವತ್ತು ಡಾಲರ್ ಇತ್ತು. ಒಂದೇ ಡಬ್ಬಿ ತರಿಸಿದರೂ ಅಷ್ಟೇ, ಪೆಟ್ಟಿಗೆ ತುಂಬ ತರಿಸಿದರೂ ಅಷ್ಟೇ. ಹಾಗಾಗಿ ಕ್ಲಬ್ಬಿನ ನಾವು ನಾಲ್ವರು ಒಂದು ಕೂಟ ಮಾಡಿಕೊಂಡೆವು. ಯಾರಿಗೆ ಮೊದಲು ಸರಕು ಸಿಗುತ್ತದೋ ಅವರು ಮಿತಿಯಷ್ಟನ್ನೂ ಎಲ್ಲರ ಪರವಾಗಿ ತರಿಸುವುದು, ಶುಲ್ಕವನ್ನು ಸಮನಾಗಿ ಹಂಚಿಕೊಳ್ಳುವುದು. ಒಬ್ಬರಿಗೆ ಸಣ್ಣ ಅಳತೆ ಬೇಕು, ನನಗೆ ದೊಡ್ಡದು, ಅದಲುಬದಲಿಗೂ ಅನುಕೂಲವಾಯಿತು. ಇದೇ ಹೊತ್ತಿಗೆ ನಕಲಿ ಅಂಗಡಿಗಳ ಜಾಲತಾಣಗಳು ಅಣಬೆಗಳಂತೆ ಎದ್ದವು. ಎಲ್ಲ ಕಡೆ ಖಾಲಿ ಇರುವ ಡಬ್ಬಿ ಅಲ್ಲಿ ಮಾತ್ರ ಹಳೆಯ ಬೆಲೆಗೆ ಸಿಗುತ್ತದೆ, ಕ್ರೆಡಿಟ್ ಕಾರ್ಡ್ ಒಪ್ಪುವುದಿಲ್ಲ, ನೇರ ಹಣ ವರ್ಗಾವಣೆ ಅಥವಾ ಬಿಟ್‌ಕಾಯಿನ್ ಬೇಕು ಎಂದರೆ ಅಲ್ಲಿಗೆ ಕೈಮುಗಿದು ಹೊರಬರಬೇಕು. ನಮ್ಮ ಕೂಟದ ಕಟ್ಟುನಿಟ್ಟಾದ ನಿಯಮವೇ ಅದಾಗಿತ್ತು.

ಆದರೆ ನನಗೆ ಸಿಕ್ಕ ಅತಿ ದೊಡ್ಡ ಸಹಾಯ ಕ್ಲಬ್ಬಿನ ಒಬ್ಬ ಹಿರಿಯರಿಂದ. ಎಂಬತ್ತರ ಹತ್ತಿರದವರು, ಭುಜದ ಶಸ್ತ್ರಚಿಕಿತ್ಸೆಯಾದ ಮೇಲೆ .308 ಹೊಡೆಯುವುದನ್ನು ಬಿಟ್ಟಿದ್ದರು. ಒಂದು ದಿನ ಅಭ್ಯಾಸ ಮುಗಿಸಿ ಹೊರಡುವಾಗ ತಮ್ಮ ಟ್ರಕ್ಕಿನ ಹಿಂಬದಿಯಿಂದ ಲಾರ್ಜ್ ರೈಫಲ್ ಪ್ರೈಮರಿನ ಎರಡು ಡಬ್ಬಿ ತೆಗೆದು ಮುಂದಿಟ್ಟರು. ನಾನು ಆಗಿನ ಅಂಗಡಿ ಬೆಲೆ ಲೆಕ್ಕ ಹಾಕಿ ನೋಟು ಎಣಿಸತೊಡಗಿದೆ.

"ಅಷ್ಟು ಏಕೆ? ಚೀಟಿ ನೋಡು" ಎಂದರು.

ಡಬ್ಬಿಯ ಬದಿಯಲ್ಲಿ ಹಳೆಯ ಅಂಗಡಿಯ ಬೆಲೆಚೀಟಿ ಹಾಗೆಯೇ ಇತ್ತು. ಶಾಯಿ ಮಾಸಿತ್ತು, ಆದರೂ ಓದಬಹುದಿತ್ತು: ಇಪ್ಪತ್ತೆಂಟು ಡಾಲರ್ ಚಿಲ್ಲರೆ.

"ಇವತ್ತಿನ ಬೆಲೆ ತೆಗೆದುಕೊಳ್ಳಿ, ನನಗೆ ಸಂಕೋಚವಾಗುತ್ತದೆ" ಎಂದೆ.

"ನಾನು ಕೊಟ್ಟದ್ದು ಅಷ್ಟು, ನೀನು ಕೊಡಬೇಕಾದದ್ದೂ ಅಷ್ಟೇ. ಸ್ಪರ್ಧೆಗೆ ಬರುವುದನ್ನು ನಿಲ್ಲಿಸಬೇಡ."

ಆ ಎರಡು ಸಾವಿರ ಪ್ರೈಮರುಗಳಿಂದಲೇ ನನ್ನ ಒಂದು ಇಡೀ ಋತು ನಡೆಯಿತು. ಹೀಗೆ ಕೊಟ್ಟವರು ಅವರೊಬ್ಬರೇ ಅಲ್ಲ. ನಮ್ಮ ಕ್ಲಬ್ಬಿನ ಕಿರಿಯರ ತಂಡಕ್ಕೆ ಸದಸ್ಯರು ತಮ್ಮ ತಮ್ಮ ಕಪಾಟಿನಿಂದ ತಟ್ಟೆ ತಟ್ಟೆಯಾಗಿ ಪ್ರೈಮರ್ ತಂದು ಕೊಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪತ್ರಿಕೆಗಳಲ್ಲಿ ಬಂದದ್ದು ಬರೀ ಬಾಚಿಕೊಂಡವರ ಸುದ್ದಿ. ಹಂಚಿದವರ ಸುದ್ದಿಯನ್ನು ನಾನಾದರೂ ಬರೆಯಬೇಕು.

ಮದ್ದಿನ ವಿಷಯಕ್ಕೆ ಬರುತ್ತೇನೆ. ವಾರ್ಗೆಟ್ ಮುಗಿಯುತ್ತಾ ಬಂದಾಗ ಸಿಕ್ಕಿದ್ದು ಐಎಂಆರ್ 4064, ಇದು ಕೆನಡಾದಲ್ಲಿ ತಯಾರಾದದ್ದು. .308ಕ್ಕೆ ಎರಡೂ ಹೊಂದುತ್ತವೆ, ಆದರೆ ಒಂದರ ತೂಕವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಉರಿಯುವ ವೇಗ ಬೇರೆ, ಒತ್ತಡ ಬೇರೆ. ಪ್ರೈಮರಿನ ಕಂಪನಿ ಬದಲಾದರೂ ಒತ್ತಡ ಬದಲಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಕೊಟ್ಟ ಆರಂಭದ ತೂಕದಿಂದಲೇ ಹೊಸದಾಗಿ ಶುರು ಮಾಡಿ ಹಂತ ಹಂತವಾಗಿ ಏರಿಸಿದೆ. ನನ್ನ ತೂಕವನ್ನು ಇಲ್ಲಿ ಬರೆಯುವುದಿಲ್ಲ. ನನ್ನ ನಳಿಗೆಗೆ ಕ್ಷೇಮವಾದದ್ದು ಇನ್ನೊಬ್ಬರ ನಳಿಗೆಗೆ ಅಪಾಯವಾಗಬಹುದು, ಪ್ರತಿಯೊಬ್ಬರೂ ಮುದ್ರಿತ ಕೈಪಿಡಿಯನ್ನೇ ನೋಡಬೇಕು. 4064ರ ಕಾಳುಗಳು ಉದ್ದ, ಕತ್ತರಿಸಿದ ಪೆನ್ಸಿಲ್ ಸೀಸದ ತುಂಡುಗಳ ಹಾಗೆ. ಅಳೆಯುವ ಯಂತ್ರದೊಳಗೆ ಅಡ್ಡಡ್ಡ ಸಿಕ್ಕಿಕೊಂಡು ಕರಕರ ಎನ್ನುತ್ತವೆ, ಒಮ್ಮೆ ಹೆಚ್ಚು ಬೀಳುತ್ತವೆ, ಇನ್ನೊಮ್ಮೆ ಕಡಿಮೆ. ಹಾಗಾಗಿ ಪ್ರತಿ ತೋಟಾಕ್ಕೂ ಸ್ವಲ್ಪ ಕಡಿಮೆ ಸುರಿದು, ತಕ್ಕಡಿಯ ತಟ್ಟೆಗೆ ಕೊನೆಯ ಕಾಳುಗಳನ್ನು ಒಂದೊಂದಾಗಿ ಉದುರಿಸುತ್ತಿದ್ದೆ. ಮುಳ್ಳು ಗೆರೆಗೆ ಬಂದು ನಿಂತಾಗ ಕೈ ನಿಲ್ಲಬೇಕು. ನಿಧಾನದ ಕೆಲಸ. ಸರಕು ಹೇರಳವಾಗಿದ್ದಾಗ ಅಷ್ಟು ಗಮನದಿಂದ ಮಾಡುತ್ತಿರಲಿಲ್ಲವೇನೋ. ಆ ವರ್ಷ ಕ್ರೋನೊಗ್ರಾಫ್ ತೋರಿಸಿದ ಗುಂಡಿನ ವೇಗಗಳು ಒಂದರ ಪಕ್ಕ ಒಂದು ಒತ್ತಾಗಿ ಬಂದವು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಬೇಕೆಂಬ ನಿಯಮವನ್ನು ಎಷ್ಟು ದಣಿದಿದ್ದರೂ ಮೀರಲಿಲ್ಲ.

ಸರಕು ಸೇರಿಸುವುದೆಂದರೆ ಅದನ್ನು ಇಡುವ ಜವಾಬ್ದಾರಿಯೂ ಹೌದು. ನನ್ನ ಹೆಂಡತಿ ಮೊದಲ ಪೆಟ್ಟಿಗೆ ಬಂದ ದಿನವೇ ಕೇಳಿದ್ದಳು: "ಮನೆಗೆ ಬೆಂಕಿ ಬಿದ್ದರೆ ಇದು ಏನು ಮಾಡುತ್ತದೆ? ಅದನ್ನು ಮೊದಲು ಹೇಳಿ, ಆಮೇಲೆ ಒಳಗೆ ತನ್ನಿ." ಅದು ಸರಿಯಾದ ಪ್ರಶ್ನೆ, ಸರಿಯಾದ ಕ್ರಮವೂ ಹೌದು. ಹೊಗೆರಹಿತ ಮದ್ದು ತನ್ನ ಮೂಲ ಡಬ್ಬಿಯಲ್ಲಿದ್ದಾಗ ಬೆಂಕಿ ತಗುಲಿದರೆ ಭುಗಿಲೆಂದು ಉರಿಯುತ್ತದೆ. ಅದನ್ನೇ ಉಕ್ಕಿನ ಪೆಟ್ಟಿಗೆಯೊಳಗೆ ಬಿಗಿಯಾಗಿ ಮುಚ್ಚಿಟ್ಟರೆ ಒತ್ತಡ ಹೊರಹೋಗಲು ದಾರಿಯಿಲ್ಲದೆ ಬಾಂಬಾಗುತ್ತದೆ. ಆದ್ದರಿಂದ ತಿಜೋರಿ ಬೇಡ, ಮರದ ಕಪಾಟು ಬೇಕು. ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘದ 495ನೇ ಸಂಹಿತೆ ಮನೆಗಳಲ್ಲಿ 20 ಪೌಂಡ್ ಮದ್ದನ್ನು ಮೂಲ ಡಬ್ಬಿಗಳಲ್ಲಿ ಇಡಲು ಒಪ್ಪುತ್ತದೆ. ಅದಕ್ಕಿಂತ ಹೆಚ್ಚಾದರೆ, 50 ಪೌಂಡಿನವರೆಗೆ, ಒಂದು ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರ್ 10,000 ಮೀರಬಾರದು. ಊರೂರಿನ ನಿಯಮ ಇನ್ನೂ ಬಿಗಿಯಾಗಿರಬಹುದೆಂದು ನಮ್ಮ ಅಗ್ನಿಶಾಮಕ ಕಚೇರಿಗೆ ಕರೆ ಮಾಡಿ ವಿಚಾರಿಸಿದೆ, ಮನೆ ವಿಮೆಯ ಕಾಗದವನ್ನೂ ಓದಿದೆ. ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಯಂತ್ರವೂ ಫರ್ನೇಸೂ ಇರುವ ಕಡೆಯಿಂದ ದೂರದ ಕೋಣೆಯಲ್ಲಿ ಮದ್ದಿಗೊಂದು ಕಪಾಟು, ಎದುರು ಗೋಡೆಗೆ ಪ್ರೈಮರಿಗೆ ಇನ್ನೊಂದು. ಎರಡಕ್ಕೂ ಬೀಗ, ಬೀಗದ ಕೈ ಮಗಳ ಕೈಗೆಟುಕದ ಜಾಗದಲ್ಲಿ. ಪ್ರೈಮರುಗಳನ್ನು ತಟ್ಟೆಯಿಂದ ತೆಗೆದು ಗಾಜಿನ ಶೀಶೆಗೆ ಸುರಿದಿಡುವ ಕೆಟ್ಟ ರೂಢಿ ಕೆಲವರಿಗಿದೆ. ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ಕಾರ್ಖಾನೆಯ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟಿರುವುದು ಅದಕ್ಕಾಗಿಯೇ.

ಅಮ್ಮ ಫೋನಿನಲ್ಲಿ ಆತಂಕಪಟ್ಟಾಗಲೂ ಇದನ್ನೇ ವಿವರಿಸಿದೆ. "ಅಜ್ಜ ಮಸಿಯನ್ನು ಅಡುಗೆಮನೆಯ ಹತ್ತಿರ ಬರಲು ಬಿಡುತ್ತಿರಲಿಲ್ಲ, ಅಷ್ಟು ನೆನಪಿಟ್ಟುಕೋ" ಎಂದಳು.

2022ರಲ್ಲಿ ಪ್ರೈಮರ್ ಮೆಲ್ಲಮೆಲ್ಲನೆ ಕಪಾಟಿಗೆ ಮರಳಿತು. ಬಾಸ್ನಿಯಾದ ಗೊರಾಜ್ದೆಯಲ್ಲಿ ತಯಾರಾಗುವ ಗಿನೆಕ್ಸ್‌ನಂತಹ ಹೊರದೇಶದ ಸರಕೂ ಬಂತು. ನಾನು ಅವುಗಳನ್ನು ಅಭ್ಯಾಸಕ್ಕೆ ಬಳಸಿದೆ. ಕೂರಿಸುವಾಗ ಕೊಂಚ ಬಿಗಿ ಎನಿಸಿದರೂ ಸಿಡಿಯದೆ ಉಳಿದದ್ದು ಒಂದೂ ಇಲ್ಲ. ಬೆಲೆ ಮಾತ್ರ ಹಳೆಯ ಮಟ್ಟಕ್ಕೆ ಇಳಿಯಲೇ ಇಲ್ಲ, ಸಾವಿರಕ್ಕೆ ಎಂಬತ್ತು ಡಾಲರಿನ ಸುತ್ತಲೇ ನಿಂತಿತು. ಈಗ ನಾನು ಪ್ರೈಮರನ್ನು ಎರಡು ವರ್ಷಕ್ಕೆ ಸಾಕಾಗುವಷ್ಟು, ಮದ್ದನ್ನು ಒಂದು ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುತ್ತೇನೆ. ಕಪಾಟು ತುಂಬಿರುವಾಗ ಪ್ರತಿ ಋತುವಿನ ಕೊನೆಯಲ್ಲಿ ಖರ್ಚಾದಷ್ಟನ್ನು ಮಾತ್ರ ಕೊಳ್ಳುತ್ತೇನೆ. ಕೊರತೆ ಶುರುವಾದ ಮೇಲೆ ಕೊಳ್ಳಲು ನುಗ್ಗುವುದಿಲ್ಲ.

ಕೂಟ ಇನ್ನೂ ಇದೆ. ಅದು ಇರುವುದು ಒಳ್ಳೆಯದೇ ಆಯಿತು, ಏಕೆಂದರೆ ಆಮೇಲೆ ಕೊರತೆ ಮದ್ದಿನ ಕಡೆ ತಿರುಗಿತು. ಉಕ್ರೇನ್ ಯುದ್ಧದಿಂದಾಗಿ ಫಿರಂಗಿ ಮದ್ದಿಗೂ ನಮ್ಮ ಮದ್ದಿಗೂ ಮೂಲವಾದ ನೈಟ್ರೋಸೆಲ್ಯುಲೋಸ್ ಸಿಗುವುದು ಕಷ್ಟವಾಗಿ, 2024ರಲ್ಲಿ ಅಲಯಂಟ್ ಕಂಪನಿ ರೀಲೋಡಿಂಗ್ ಮದ್ದಿನ, ಅಂದರೆ ನಮ್ಮಂತೆ ತೋಟಾ ತುಂಬಿಕೊಳ್ಳುವವರಿಗೆ ಮಾರುವ ಮದ್ದಿನ, ಪೂರೈಕೆಯನ್ನೇ ಸದ್ಯಕ್ಕೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ನಾಲ್ವರೂ ಕುಳಿತು ಮತ್ತೆ ಪಟ್ಟಿ ಬರೆದೆವು. ಈ ಸಲ ನನ್ನ ಬಳಿ ವಾರ್ಗೆಟ್ ಸಾಕಷ್ಟಿತ್ತು. ಪಿಸ್ತೂಲ್ ಸ್ಪರ್ಧೆಗೆ ಹೋಗುವ ಗೆಳೆಯನಿಗೆ ಅಲಯಂಟ್‌ನ ಮದ್ದೇ ಬೇಕಿತ್ತು. ಅವನಿಗಾಗಿ ಹುಡುಕುವ ಕೆಲಸ ಈಗ ನಡೆದಿದೆ.